ಅಕ್ಕದನೆ

ಕೊರೊನಾ ಮುಗಿದ ಮರುವರ್ಷ ನಾನು ಮುಳಬಾಗಿಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಆಪರೇಟರ್ ಆಗಿದ್ದೆ. ಕೈಬರಹದ ಪ್ರತಿಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಕಟ್ಟುವ ಕೆಲಸ. ಓದಿದ್ದು ಏಳನೇ ಕ್ಲಾಸು. ಕಾಗುಣಿತ ತಿದ್ದಿಸಿದವಳು ನನ್ನ ಅಕ್ಕ ನಸೀಮಾ. ನಮ್ಮ ಮನೆಮಾತು ದಖನಿ ಉರ್ದು. ಅದರಲ್ಲಿ ಅಕ್ಕನಿಗೆ ಆಪಾ ಅನ್ನುತ್ತೇವೆ.

ಲಕ್ಕೂರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಲೇ ಅವಳು ಕಾದಂಬರಿ ಬರೆದಳು. ನಮ್ಮ ಮುತ್ತಜ್ಜನ ಕಾಲದ ಕಥೆ. ಪಾತ್ರೆಗೆ ಕಲಾಯಿ ಹಾಕುವ ಕುಟುಂಬವೊಂದು ಬರಗಾಲದಲ್ಲಿ ಆಂಧ್ರದ ಕಡೆಯಿಂದ ಬಂದು ಕುರುಡುಮಲೆಯ ಹತ್ತಿರ ಬಿಡಾರ ಹೂಡುತ್ತದೆ. ಯಾರದೋ ತಾಮ್ರದ ಹಂಡೆ ಕಳೆದಾಗ, ಎಲ್ಲಿಂದಲೋ ಬಂದವರು ಎಂಬ ಒಂದೇ ಕಾರಣಕ್ಕೆ ಕಳವು ಆ ಮನೆಯ ಹುಡುಗಿಯ ತಲೆಗೆ ಬರುತ್ತದೆ. ಪಂಚಾಯಿತಿಯಲ್ಲಿ ಎಲ್ಲರೂ ಸುಮ್ಮನಿರುವಾಗ ಅವಳ ಪುಟ್ಟ ತಮ್ಮ ‘ಆಪಾ’ ಎಂದು ಕೂಗಿ ಓಡಿಹೋಗಿ ಅವಳ ಕೈ ಹಿಡಿಯುತ್ತಾನೆ.

ಟೈಪ್ ಮಾಡುವಾಗ ನನಗದು ಹಳೇ ಕಥೆ ಅನ್ನಿಸಲಿಲ್ಲ. ಆ ವರ್ಷವೇ ಎರಡು ಮೂರು ಕಡೆ ನನ್ನ ಹೆಸರು ಕೇಳಿದ ಮೇಲೆ “ರೂಮು ಹೋಗ್ಬಿಟ್ಟೈತೆ” ಅಂದಿದ್ದರು. ಕೊನೆಗೆ ಒಂದು ಕಡೆ, ಮನೆಯಲ್ಲಿ ಕರೆಯುವ ಹೆಸರಷ್ಟೇ ಹೇಳಿದೆ: ಬಾಬು. ರೂಮು ಸಿಕ್ಕಿತು.

ಆ ರೂಮಿನ ಓನರ್ ವೆಂಕಟಪ್ಪನವರು ಮಗಳ ಲಗ್ನಪತ್ರಿಕೆ ಮಾಡಿಸಲು ಪ್ರೆಸ್ಸಿಗೆ ಬಂದವರು ನನ್ನ ಪರದೆ ನೋಡಿದರು.

“ಏಮಯ್ಯಾ ಬಾಬು, ಯಾರ್ದಿದು? ಆಪಾ ಗೀಪಾ ಅಂತೈತೆ?”

“ಯಾರೋ ಮೇಡಂ ಸಾರ್. ನಂಗೊತ್ತಿಲ್ಲ.”

“ನೀನೂ ಫೋನಲ್ಲಿ ಹಂಗೇ ಏನೋ ಅಂತಿದ್ದಂಗಿತ್ತು?”

“ಅಕ್ಕಾ ಅಂದಿದ್ದು ಸಾರ್.”

“ಓಹೋ! ಬುಕ್ಕಾದ್ಮೇಲೆ ನಂಗೊಂದು ಕೊಡು. ಓದ್ತೀನಿ.”

ಅವರು ಹೋದ ಮೇಲೆ ಮತ್ತೆ ಪರದೆಯ ಮುಂದೆ ಕೂತೆ. ಪುಸ್ತಕ ಓದಿದರೆ ಆ ಪದ ಅವರ ಕಿವಿಯಲ್ಲಿ ಕೂರುತ್ತದೆ. ಫೋನಿನಲ್ಲಿ ಇನ್ನೊಮ್ಮೆ ಕೇಳಿಸಿದರೆ ರೂಮು ಹೋಯಿತು. ಕಂಪ್ಯೂಟರಿನಲ್ಲಿ ‘ಫೈಂಡ್ ಅಂಡ್ ರಿಪ್ಲೇಸ್’ ಎಂಬುದೊಂದಿದೆ. ಅದು ಇಡೀ ಪುಸ್ತಕದಲ್ಲಿ ಒಂದು ಪದವನ್ನು ಹುಡುಕಿ ಇನ್ನೊಂದನ್ನು ಕೂರಿಸುತ್ತದೆ. ಆಪಾ ತೆಗೆದು ಅಕ್ಕ ಹಾಕಿದೆ. ಒಂದೇ ಕ್ಲಿಕ್ಕು.

“ಕೊನೇ ಪ್ರೂಫ್ ನೋಡ್ತೀಯಾ?” ಎಂದು ಆಪಾನನ್ನು ಕೇಳಿದೆ.

“ನೀನ್ ನೋಡಿದ್ಯಲ್ಲೋ, ಸಾಕು.”

ಕೋಲಾರದಲ್ಲಿ ಪುಸ್ತಕ ಬಿಡುಗಡೆ. ಆಪಾ ಪಂಚಾಯಿತಿಯ ಪುಟವನ್ನೇ ತೆಗೆದು ಓದತೊಡಗಿದಳು: “ಊರವರ ಅಕ್ಕದನೆ ಕೇಳಿ ಹುಡುಗಿ…” ಅಲ್ಲಿಗೆ ನಿಂತಳು.

“ಏನಮ್ಮಾ, ಅಕ್ಕನ ದನಾನಾ?” ಮುಂದೆ ಕೂತಿದ್ದ ಒಬ್ಬರು ಅಂದರು. ಸಭೆ ನಕ್ಕಿತು.

‘ಆಪಾದನೆ’ಯ ಒಳಗಿದ್ದ ಆಪಾನನ್ನೂ ಕಂಪ್ಯೂಟರ್ ಬಿಟ್ಟಿರಲಿಲ್ಲ. ಅವಳು ಕೆಳಗಿನ ಸಾಲುಗಳ ಮೇಲೆ ಕಣ್ಣಾಡಿಸಿದಳು. ತಲೆಯೆತ್ತಿ ನನ್ನನ್ನು ಹುಡುಕಿ ನೋಡಿದಳು. ಮತ್ತೆ ಓದಿದಳು. ಪುಟದಲ್ಲಿ ಅಕ್ಕ ಎಂದಿದ್ದ ಕಡೆಯೆಲ್ಲ ಗಟ್ಟಿಯಾಗಿ ಆಪಾ ಎಂದೇ ಓದಿದಳು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಎಲ್ಲವನ್ನೂ ಹೇಳಿಬಿಟ್ಟೆ. ವೆಂಕಟಪ್ಪನವರ ಮುಂದೆ ‘ಯಾರೋ ಮೇಡಂ’ ಅಂದಿದ್ದನ್ನೂ ಮುಚ್ಚಿಡಲಿಲ್ಲ. ಅವಳು ಬೈಯಲಿಲ್ಲ.

“ಕಥೇಲಿರೋ ಹುಡ್ಗನಿಗೆ ಎಂಟು ವರ್ಷ ಕಣೋ,” ಅಂದಳು. “ನಿಂಗೆಷ್ಟು?”



ತಿದ್ದುಪಡಿ ಚೀಟಿ ಅಚ್ಚುಹಾಕಿ ಉಳಿದ ಪ್ರತಿಗಳಿಗೆಲ್ಲ ನಾನೇ ಅಂಟಿಸಿದೆ. ಮೊದಲನೆಯದನ್ನು ವೆಂಕಟಪ್ಪನವರಿಗೆ ಕೊಟ್ಟೆ.

“ಬರ್ದಿದ್ದು ನಮ್ ಆಪಾ ಸಾರ್. ಫೋನಲ್ಲಿ ನೀವು ಸರಿಯಾಗೇ ಕೇಳಿಸ್ಕೊಂಡಿದ್ರಿ.”

ಅವರು ನನ್ನ ಮುಖ ನೋಡಲಿಲ್ಲ. ಪುಸ್ತಕ ತಿರುಗಿಸಿ ಅವಳ ಫೋಟೋ ನೋಡಿದರು. “ಮದ್ವೆ ಮುಗೀಲಿ. ಆಮೇಲೆ ಬೇರೆ ಕಡೆ ರೂಮು ನೋಡ್ಕೋ,” ಅಂದರು. ಪುಸ್ತಕ ಮಾತ್ರ ವಾಪಸು ಕೊಡಲಿಲ್ಲ.

ಈಗಲೂ ನನಗೆ ಇದೇ ಕೆಲಸ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಆ ಗುಂಡಿಯನ್ನು ಒತ್ತುವುದಿಲ್ಲ. ಒಂದು ಪದವನ್ನು ತೆಗೆಯುವ ಮೊದಲು, ಅದು ಇನ್ನಾವ ಪದದೊಳಗೆ ಮನೆ ಮಾಡಿದೆ ಎಂದು ನೋಡುತ್ತೇನೆ.