ಸಿಮೆಂಟಿನ ಕಾವು ಅಳೆದ ಬೇಸಿಗೆ

ಸಿಮೆಂಟಿಗೆ ನೀರು ಬಿದ್ದರೆ ಅದು ತಾನಾಗಿ ಬಿಸಿಯಾಗುತ್ತದೆ ಎಂಬುದು ಮದುವೆಯಾಗುವವರೆಗೆ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರು ಓವರ್‌ಸಿಯರ್ ಆಗಿದ್ದರು. ಅರವತ್ತರ ದಶಕದ ನಡುವಿನಲ್ಲಿ ಅವರಿಗೆ ಹೊಸನಗರದ ಕಡೆಗೆ ವರ್ಗವಾಯಿತು. ತೀರ್ಥಹಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಹಳ್ಳ ಹರಿಯುತ್ತಿತ್ತು. ಅದಕ್ಕೆ ಸೇತುವೆ ಕಟ್ಟಿಸುವುದು ಅವರ ಕೆಲಸ. ಹಳ್ಳದ ಆಚೆ ನಾಲ್ಕಾರು ಊರುಗಳಿದ್ದವು. ಮಳೆಗಾಲ ಹಿಡಿದರೆ ಅಲ್ಲಿಯವರಿಗೆ ಈಚೆ ಬರಲು ಇದ್ದದ್ದು ಒಂದು ಸಂಕ ಮಾತ್ರ. ಎರಡು ಮರದ ದಿಮ್ಮಿ ಜೋಡಿಸಿ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ ಕಟ್ಟಿರುತ್ತಿದ್ದರು.

ನಮಗೆ ಬಾಡಿಗೆಗೆ ಸಿಕ್ಕಿದ್ದು ಸೇತುವೆಯ ಗುತ್ತಿಗೆದಾರರ ಮನೆಯದೇ ಒಂದು ಪಾಲು. ಬೇರೆ ಮನೆ ಅಲ್ಲಿರಲಿಲ್ಲ. ಅವರು ಕೆಟ್ಟವರಲ್ಲ. ಆ ವರ್ಷ ನನಗೆ ಬಸಿರು ನಿಲ್ಲದೆ ಹೋದಾಗ ಅವರ ಹೆಂಡತಿಯೇ ನನ್ನ ತಲೆಗೆ ಎಣ್ಣೆ ಹಚ್ಚಿ, ಕಷಾಯ ಕಾಸಿ ಕುಡಿಸಿ, ಹಾಸಿಗೆಯಿಂದ ಎಬ್ಬಿಸಿ ಕೂರಿಸಿದವರು. ನನ್ನ ತಾಯಿ ಸಾಗರದಿಂದ ಬಂದು ಮುಟ್ಟುವಷ್ಟರಲ್ಲಿ ನಾನು ಅರ್ಧ ಚೇತರಿಸಿಕೊಂಡಿದ್ದೆ.

ಆಗ ನಮಗೆ ಹಾಲು ತರುತ್ತಿದ್ದವಳು ಹಳ್ಳದ ಆಚೆಯ ಒಬ್ಬ ಹೆಂಗಸು. ಗೇಣಿ ಗದ್ದೆ ಮಾಡುವ ಮನೆಯವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಆದರೂ ನನ್ನನ್ನು ‘ಅಮ್ಮಾ’ ಎಂದೇ ಕರೆಯುತ್ತಿದ್ದಳು. ಹಾಲು ಅಳೆದು ಕೊಟ್ಟ ಮೇಲೂ ತಕ್ಷಣ ಹೋಗುತ್ತಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ನಾನು ಮಂಕಾಗಿ ಕೂತಿದ್ದ ದಿನಗಳಲ್ಲಿ ನನ್ನನ್ನು ನಗಿಸಿದವಳು ಅವಳೊಬ್ಬಳೇ.

“ಈ ಸಲ ಸಂಕ ದಾಟಾದು ತಪ್ತು ಬಿಡಿ ಅಮ್ಮಾ. ಕಳೆದ ಮಳೆಗಾಲ ಒಂದ್ ಕೈಯಲ್ಲಿ ಹಾಲಿನ ಚೆಂಬು, ಒಂದ್ ಕೈಯಲ್ಲಿ ಜೀವ ಹಿಡ್ಕಂಡು ಬಂದಿದ್ದೆ” ಎಂದು ಅವಳು ಒಂದು ದಿನ ನಗುತ್ತ ಹೇಳಿದಳು. ಹಳ್ಳದ ನಡುವಿನ ಕಾಂಕ್ರೀಟು ಕಂಬ ಆಗ ತಾನೇ ಮೇಲೆದ್ದಿತ್ತು. ಅದರ ಮೇಲೆ ಹಲಗೆ ಹೊಡೆದು, ಕಬ್ಬಿಣ ಕಟ್ಟಿ, ಸ್ಲ್ಯಾಬ್ ಹಾಕುವುದೊಂದೇ ಬಾಕಿ.

ನಮ್ಮ ಮನೆಯವರಿಗೆ ಸಮಾಧಾನವಿರಲಿಲ್ಲ. ಅವರು ಅಲ್ಲಿಗೆ ಬರುವ ಮೊದಲೇ ತರಿಸಿದ್ದ ಸಿಮೆಂಟು ಗುತ್ತಿಗೆದಾರರ ಉಗ್ರಾಣದಲ್ಲಿ ಒಂದು ಮಳೆಗಾಲ ಕಳೆದಿತ್ತು. ನಮ್ಮ ಕಡೆಯ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಪೆಟ್ಟಿಗೆಯೊಳಗಿನ ಸೀರೆಗೆ ಬೂಸ್ಟು ಹಿಡಿಯುತ್ತದೆ. ಸಿಮೆಂಟಿನ ಚೀಲಗಳು ಎಷ್ಟು ಎತ್ತರದಲ್ಲಿಟ್ಟರೂ ಥಂಡಿ ಎಳೆಯದೆ ಬಿಡುತ್ತವೆಯೇ? ಗಂಟುಗಳನ್ನು ಜರಡಿ ಹಿಡಿದು ತೆಗೆದು, ಉಳಿದ ಪುಡಿಯನ್ನು ಬಳಸಿದ್ದರು. ಪುಡಿ ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ. ಹೊಸದು ಬೇಕೆಂದ ಕೂಡಲೇ ಬರುತ್ತಿರಲಿಲ್ಲ.

ಕಾಂಕ್ರೀಟು ಗಟ್ಟಿಯೋ ಅಲ್ಲವೋ ತಿಳಿಯಲು ಇದ್ದ ದಾರಿ ಒಂದೇ. ಹಾಕುವಾಗಲೇ ಅದೇ ಕಲಸಿನಿಂದ ಕಬ್ಬಿಣದ ಅಚ್ಚುಗಳಲ್ಲಿ ಚೌಕದ ಗಟ್ಟಿಗಳನ್ನು ಮಾಡಿ, ಇಪ್ಪತ್ತೆಂಟು ದಿನ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ದೂರದ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಉತ್ತರ ಬರುವುದು ಯಾವಾಗಲೋ. ಕಂಬದ ಗಟ್ಟಿಗಳ ಉತ್ತರ ಬರುವ ಹೊತ್ತಿಗೆ ಮಳೆ ಹಿಡಿಯುವುದು ಖಂಡಿತವಿತ್ತು.

ಹೀಗಿರುವಾಗ ನಾವು ನನ್ನ ತವರು ಸಾಗರಕ್ಕೆ ಒಂದು ಮದುವೆಗೆ ಹೋದೆವು. ಪೇಟೆಯ ಸೋಡಾ ಅಂಗಡಿಗೆ ಶಿವಮೊಗ್ಗದಿಂದ ರೈಲಿನಲ್ಲಿ ಐಸು ಬಂದಿತ್ತು. ಅಂಗಡಿಯವನು ಗೋಣಿತಾಟು ಬಿಚ್ಚಿ, ಮರದ ಹೊಟ್ಟು ಕೊಡವಿ ದೊಡ್ಡ ಗಡ್ಡೆಯೊಂದನ್ನು ಹೊರಗೆ ತೆಗೆದ. ಅಷ್ಟು ಬಿಸಿಲಿನಲ್ಲಿ ಬಂದರೂ ಅದರ ಮೂಲೆಗಳು ಮಾತ್ರ ಸವೆದಿದ್ದವು. ಇವರು ಕೈಯಲ್ಲಿದ್ದ ಸೋಡಾ ಮರೆತು ಆ ಹೊಟ್ಟನ್ನು ಬೆರಳಲ್ಲಿ ತಿಕ್ಕುತ್ತ ನಿಂತರು.

“ಹೊರಗಿನ ಬಿಸಿ ಒಳಗೆ ಹೋಗ್ಲಿಲ್ಲ ಅಂದ್ರೆ ಒಳಗಿನ ಬಿಸಿನೂ ಹೊರಗೆ ಬರಲ್ಲ, ಅಲ್ವಾ?” ಎಂದರು.

“ನಿಮಗೆ ಎಂತಕ್ಕೆ ಒಳಗಿನ ಬಿಸಿ? ಮೊದ್ಲು ಸೋಡಾ ಕುಡೀರಿ” ಎಂದೆ ನಾನು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ವಿವರಿಸಿದರು. ಒಳ್ಳೆಯ ಸಿಮೆಂಟಿಗೆ ನೀರು ಕೂಡಿದರೆ ಕಾವು ಹುಟ್ಟುತ್ತದೆ. ಬಯಲಲ್ಲಿಟ್ಟರೆ ಆ ಕಾವು ಗಾಳಿಗೆ ಹೋಗಿಬಿಡುತ್ತದೆ. ಹೋಗದ ಹಾಗೆ ಮುಚ್ಚಿಟ್ಟರೆ ಮಾರನೆಯ ದಿನವೇ ಅಳೆಯಬಹುದು. ಸಿಮೆಂಟಿನ ಸತ್ವ ಹೋಗಿದ್ದರೆ ಕಾವು ಏಳುವುದಿಲ್ಲ. ಒಂದು ತಿಂಗಳು ಕಾಯಬೇಕಾಗಿಲ್ಲ.

ಚಹಾ ಪುಡಿ ತುಂಬಿ ಬರುತ್ತಿದ್ದ ಹಲಗೆಯ ಪೆಟ್ಟಿಗೆಯೊಂದನ್ನು ಅಂಗಡಿಯಿಂದ ತಂದರು. ಅದರೊಳಗೆ ಸೀಮೆಎಣ್ಣೆಯ ಖಾಲಿ ಡಬ್ಬ. ಎರಡರ ನಡುವೆ ಮರ ಕೊಯ್ಯುವ ಮಿಲ್ಲಿನಿಂದ ತಂದ ಹೊಟ್ಟು, ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬಿದ್ದು. ಮೇಲೆ ಮುಚ್ಚಲು ಹಳೆಯ ಕಂಬಳಿಯಲ್ಲಿ ಹೊಟ್ಟು ಹೊಲಿದು ಒಂದು ದಿಂಬು. ಆ ದಿಂಬು ಹೊಲಿದವಳು ನಾನು. ಹೈಸ್ಕೂಲಿನ ವಿಜ್ಞಾನದ ಮೇಷ್ಟರು ಉದ್ದದ ಥರ್ಮಾಮೀಟರ್ ಕೊಟ್ಟರು. ಪೆಟ್ಟಿಗೆ ನಮ್ಮ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತಿತು. ಇವರು ಹಗಲೆಲ್ಲ ಹಳ್ಳದಲ್ಲಿರುತ್ತಿದ್ದರಿಂದ ಪಾದರಸ ಎಷ್ಟು ಏರಿದೆ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಹೊಸನಗರದಲ್ಲಿ ಶಾಲೆ ಕಟ್ಟುತ್ತಿದ್ದವರಿಂದ ಹೊಸ ಸಿಮೆಂಟು ತಂದು ಕಲಸಿಟ್ಟರು. ಬೆಳಿಗ್ಗೆ ದಿಂಬು ಎತ್ತಿದರೆ ಮುಖಕ್ಕೆ ಹಬೆ ಬಡಿಯಿತು. ಡಬ್ಬದ ಅಂಚು ಮುಟ್ಟಲಾಗದಷ್ಟು ಬಿಸಿ. ನನಗೆ ಯಾವುದೋ ಜೀವ ಒಳಗೆ ಉಸಿರಾಡುತ್ತಿದೆ ಅನ್ನಿಸಿ ಖುಷಿಯಾಯಿತು. ಆಮೇಲೆ ಅಷ್ಟೇ ಮರಳು, ಅಷ್ಟೇ ಜಲ್ಲಿ ಹಾಕಿ, ಕಂಬಕ್ಕೆ ಬಳಸಿ ಉಳಿದಿದ್ದ ಸಿಮೆಂಟಿನಲ್ಲಿ ಮಾಡಿಟ್ಟರು. ಮರುದಿನ ದಿಂಬು ಎತ್ತಿದೆ. ಹಬೆಯಿರಲಿಲ್ಲ. ಡಬ್ಬವನ್ನು ಕೈಯಲ್ಲಿ ಹಿಡಿದೆ. ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಉಗುರು ಬೆಚ್ಚಗೆ, ಅಷ್ಟೇ. ದಿಂಬು ಸರಿಯಾಗಿ ಕೂತಿರಲಿಲ್ಲವೇನೋ ಎಂದು ಹೊಟ್ಟು ಒತ್ತಿ ಮುಚ್ಚಿ ಮಧ್ಯಾಹ್ನ ಮತ್ತೆ ನೋಡಿದೆ. ಪಾದರಸ ಸ್ವಲ್ಪ ಏರಿತ್ತು. ಮೊದಲಿನ ಮಟ್ಟದ ಹತ್ತಿರಕ್ಕೂ ಬಂದಿರಲಿಲ್ಲ.

ಇವರು ಊಟಕ್ಕೆ ಬಂದವರು ಕೈ ತೊಳೆಯುವ ಮೊದಲೇ ಕೇಳಿದರು. ನಾನು ಹೇಳಿದೆ. ಆ ದಿನ ಅವರು ಊಟ ಮಾಡಲಿಲ್ಲ. ಮತ್ತೆ ಕಲಸಿಟ್ಟು ನೋಡಿದರು. ಪ್ರತಿ ಸಲವೂ ಹಾಗೆಯೇ ಆಯಿತು.

ಹಿರಿಯ ಎಂಜಿನಿಯರು ಬಂದಾಗ ಪೆಟ್ಟಿಗೆಯನ್ನು ತೋರಿಸಿದರು. ಅವರು ಬಗ್ಗಿ ನೋಡಿ, “ಐಡಿಯಾ ಚೆನ್ನಾಗಿದೆ. ಆದ್ರೆ ಬಿಸಿ ಅಂದ್ರೆ ಬಲ ಅಲ್ವಲ್ರೀ. ಟೆಸ್ಟ್ ರಿಸಲ್ಟ್ ಬರೋವರೆಗೆ ನಾನೂ ಏನೂ ಹೇಳಕ್ಕಾಗಲ್ಲ. ಸೈಟಲ್ಲಿರೋರು ನೀವು. ಸ್ಲ್ಯಾಬ್ ಹಾಕ್ಸೋದು, ಬಿಡೋದು ನಿಮ್ಮ ಜವಾಬ್ದಾರಿ” ಎಂದು ಹೇಳಿ ಜೀಪು ಹತ್ತಿದರು.

ಸ್ಲ್ಯಾಬಿಗೆ ಬೇಕಾದ ಹೊಸ ಸಿಮೆಂಟು ಅದೇ ವಾರ ಬಂದಿಳಿದಿತ್ತು. ಹಲಗೆ ಹೊಡೆದು ಆಗಿತ್ತು. ಇವರು ಮಾತ್ರ ಬೇಡ ಎಂದರು. ಕೆಳಗಿನ ಕಂಬವನ್ನು ನಂಬದೆ ಮೇಲೆ ಭಾರ ಹಾಕುವುದಿಲ್ಲ ಎಂದರು.

ಗುತ್ತಿಗೆದಾರರು ಸಂಜೆ ನಮ್ಮ ಜಗಲಿಗೆ ಬಂದು ಕೂತರು. ಸಿಟ್ಟಿನಿಂದ ಬಂದಿರಲಿಲ್ಲ.

“ಓವರ್‌ಸಿಯರ್ರೇ, ನಾನೇನು ಸಿಮೆಂಟು ಕದ್ದಿಲ್ಲ. ಒಂದು ಚೀಲ ಕಡಿಮೆ ಹಾಕಿಲ್ಲ. ನಿಮ್ಮ ಕಣ್ಣೆದುರಿಗೇ ಹಾಕ್ಸಿದ್ದು.”

“ನೀವು ಕದ್ದಿದ್ದೀರಿ ಅಂತ ನಾನು ಎಲ್ಲಿ ಹೇಳ್ದೆ? ಸಿಮೆಂಟು ಥಂಡಿ ಹಿಡಿದಿದೆ. ಅದ್ರಲ್ಲಿ ನಿಮ್ಮ ತಪ್ಪಿಲ್ಲ.”

“ಹಾಗಾದ್ರೆ ಒಂದು ಚಾ ಪೆಟ್ಟಿಗೆ ಮಾತು ಕೇಳಿ ನನ್ನ ಸೇತುವೆ ನಿಲ್ಲಿಸ್ತೀರಾ ಮಾರಾಯ್ರೇ? ಆಚೆ ಊರಿನೋರಿಗೆ ಎಂತ ಹೇಳ್ಲಿ?”

ಒಳಗೆ ನಿಂತಿದ್ದ ನಾನು ಇಬ್ಬರನ್ನೂ ನೋಡಲಾಗದೆ ಹಿತ್ತಿಲಿಗೆ ಹೋದೆ. ಮರುದಿನದಿಂದ ಗುತ್ತಿಗೆದಾರರ ಹೆಂಡತಿ ನಡುವಿನ ಬಾಗಿಲಿಗೆ ಚಿಲಕ ಹಾಕಿಕೊಂಡರು.

ಆಚೆ ಊರಿನವರೂ ಗುಂಪಾಗಿ ಬಂದರು. ಒಬ್ಬ ಮುದುಕರು, “ಸ್ವಾಮಿ, ಗಾಡಿ ಹೋಗದು ಬ್ಯಾಡ. ಮನುಷ್ಯರು ನಡ್ಕಂಡು ಹೋಗುವಷ್ಟಾದ್ರೂ ಮಾಡ್ಕೊಡಿ” ಎಂದು ಕೈ ಮುಗಿದರು. ಇವರು ಆ ಕೈಗಳನ್ನು ಹಿಡಿದು ಕೆಳಗಿಳಿಸಿ, “ಮುಂದಿನ ಬೇಸಿಗೆಗೆ ಖಂಡಿತ ಆಗ್ತದೆ. ಈಗ್ಲೇ ಸಂಕ ಕಟ್ಕೊಳ್ಳಿ” ಎಂದರು. ಆದರೆ ಸೇತುವೆ ಬರುತ್ತದೆಂಬ ಭರವಸೆಯಲ್ಲಿ ಆ ವರ್ಷ ಯಾರೂ ದಿಮ್ಮಿ ಕಡಿದಿರಲಿಲ್ಲ. ಇವರ ಮಾತಿಗೂ ಅವರು ಕಿವಿಗೊಡಲಿಲ್ಲ. ಓವರ್‌ಸಿಯರ್ ಹಟ ಬಿಡಬಹುದು, ಎಂಜಿನಿಯರು ಬಂದು ಬೈಯಬಹುದು ಎಂದು ಕಾಯುತ್ತ ಉಳಿದರು.

ಹಾಲಿನವಳು ಮಾತ್ರ ನನ್ನ ಹತ್ತಿರ ಮುಖ ಕೆಡಿಸಿಕೊಳ್ಳಲಿಲ್ಲ. “ಅಯ್ಯರು ಸುಳ್ಳು ಹೇಳಲ್ಲ ಬಿಡಿ. ಇಷ್ಟು ವರ್ಷ ಸಂಕದ ಮೇಲೆ ಬಂದಿಲ್ವಾ? ಇನ್ನೊಂದು ವರ್ಷ ಬಂದ್ರಾತು” ಎಂದಳು.

ನೆರೆಗೆ ಕೊಚ್ಚಿಹೋಗದಿರಲೆಂದು ಗುತ್ತಿಗೆದಾರರು ಹೊಡೆದ ಹಲಗೆಗಳನ್ನು ಬಿಚ್ಚಿಸಿದರು. ಮಳೆ ಹಿಡಿಯಿತು. ಆಗ ಗಡಿಬಿಡಿಯಲ್ಲಿ ಹಸಿ ಮರ ಕಡಿದು ಸಂಕ ಕಟ್ಟಿದರು. ಹಸಿ ಮರದ ಸಿಪ್ಪೆ ನೀರಿಗೆ ಎಣ್ಣೆಯ ಹಾಗೆ ಜಾರುತ್ತದೆ. ಅವಳು ಕೆಲವು ದಿನ ಬಂದಳು. ನಾನು, “ಮಳೆ ಜೋರಿದ್ರೆ ಬರಬೇಡ ಮಾರಾಯ್ತಿ, ನಮಗೆ ಕರಿಕಾಫಿ ಆಗ್ತದೆ” ಎಂದು ಹೇಳುತ್ತಲೇ ಇದ್ದೆ. “ನಿಮಗೊಬ್ರಿಗೇ ಅಲ್ಲ ಅಮ್ಮಾ, ಹೋಟ್ಲಿಗೂ ಕೊಡ್ಬೇಕಲ” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಮಳೆಯೆಂದು ಸುಮ್ಮನಾದೆ. ಹೊತ್ತೇರಿದ ಮೇಲೆ ಹಳ್ಳದ ಕಡೆಯಿಂದ ಕೂಗು ಕೇಳಿತು. ಇವರು ಕೊಡೆಯನ್ನೂ ಹಿಡಿಯದೆ ಓಡಿದರು. ಅವಳು ಸಂಕದ ನಡುವೆ ಜಾರಿದ್ದನ್ನು ಆಚೆ ದಡದಲ್ಲಿ ದನ ಬಿಡುತ್ತಿದ್ದವರು ನೋಡಿದ್ದರಂತೆ. ಹಳ್ಳ ಹೊಳೆಗೆ ಸೇರುವ ಜಾಗದಲ್ಲಿ, ಬಿದಿರುಮೆಳೆಗೆ ಸಿಕ್ಕಿಕೊಂಡಿದ್ದ ಅವಳನ್ನು ಮಾರನೆಯ ದಿನ ತೆಗೆದರು.

ನಾನು ನೋಡಲು ಹೋದೆ. ಇವರು ಬೇಡವೆಂದರೂ ಹೋದೆ. ಹೆಂಗಸರು ನನಗೆ ದಾರಿ ಬಿಟ್ಟರು, ಯಾರೂ ಮಾತಾಡಿಸಲಿಲ್ಲ. ಯಾರಾದರೂ ಒಬ್ಬರು ಬೈದಿದ್ದರೆ ನನಗೆ ಅಳು ಬರುತ್ತಿತ್ತೋ ಏನೋ. ನೀರಿನ ನಡುವೆ ಆ ಕಂಬ ನಿಂತಿತ್ತು. ಅಷ್ಟು ದೊಡ್ಡ ನೆರೆಯಲ್ಲೂ ಅಲುಗಿರಲಿಲ್ಲ.

ಮಳೆಗಾಲದ ನಡುವೆ ಎಂಜಿನಿಯರು ಬಂದು ಪ್ರಯೋಗಾಲಯದ ಉತ್ತರ ಹೇಳಿದರು. ಗಟ್ಟಿಗಳು ಬೇಕಾದಷ್ಟು ಬಲ ತೋರಿಸಿರಲಿಲ್ಲ. “ನಿಮ್ಮ ಪೆಟ್ಟಿಗೆ ಸರಿಯಾಗೇ ಹೇಳಿತ್ತು ಕಣ್ರೀ!” ಎಂದು ಇವರ ಬೆನ್ನು ತಟ್ಟಿದರು. ಎಷ್ಟು ಕಡಿಮೆ ಬಂದಿದೆ ಎಂದು ಇವರು ಕೇಳಿದರು. “ತುಂಬಾ ಏನಲ್ಲ. ಆದ್ರೆ ಕಡಿಮೆ ಅಂದ್ರೆ ಕಡಿಮೆನೇ. ಕಂಬ ಒಡಿಸ್ಬೇಕು” ಎಂದರು ಅವರು. ಇವರು ತಲೆಯಾಡಿಸಿದರು. ನಾನು ತಂದ ಕಾಫಿ ಇವರ ಕೈಯಲ್ಲೇ ಆರಿತು.

ನೀರು ಇಳಿದ ಮೇಲೆ ಕಂಬ ಒಡೆಯಲು ಆಳುಗಳನ್ನು ಕರೆದರು. ಕೆಲಸ ಕೇಳಿಕೊಂಡು ಬಂದವರಲ್ಲಿ ಸತ್ತವಳ ಗಂಡನೂ ಇದ್ದ. ಇವರಿಗೆ ಅವನನ್ನು ಬೇಡ ಎನ್ನಲು ಬಾಯಿ ಬರಲಿಲ್ಲ, ಬಾ ಎನ್ನಲೂ ಬರಲಿಲ್ಲ. ಅವನೇ ಸುತ್ತಿಗೆ, ಉಳಿ ತೆಗೆದುಕೊಂಡು ಹಳ್ಳಕ್ಕೆ ಇಳಿದ.

ಒಂದು ದಿನ ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ. ಅವನು ಮೇಲೆ ಬಂದು ನೀರು ಕೇಳಿದ. ಅಂಗೈ ಬೊಬ್ಬೆಯೆದ್ದು ಒಡೆದಿತ್ತು. ನೀರು ಕುಡಿದು, ಇವರ ಮುಖ ನೋಡದೆ ಹೇಳಿದ.

“ಬಾಳಾ ಗಟ್ಟಿ ಐತೆ ಅಯ್ಯಾ. ಬೆಳಿಗ್ಗೆಯಿಂದ ಹೊಡೆದ್ರೂ ಒಂದು ಮೂಲೆ ಬಿದ್ದಿಲ್ಲ.”

ಅದರಲ್ಲಿ ಆಪಾದನೆ ಇತ್ತೋ, ಬರೀ ಕೆಲಸದ ಮಾತೋ ನನಗೆ ಇಂದಿಗೂ ಹೇಳಲಾಗದು. ಸುತ್ತಿಗೆಗೆ ಗಟ್ಟಿಯಾಗಿದ್ದದ್ದು ಗಾಡಿಯ ಭಾರಕ್ಕೆ, ವರ್ಷ ವರ್ಷದ ನೆರೆಗೆ ಗಟ್ಟಿಯಾಗಿರಬೇಕೆಂದಿಲ್ಲ. ಇವರು ನನಗೆ ಎಷ್ಟೋ ಸಲ ಇದನ್ನು ಹೇಳಿದ್ದರು. ಅವನಿಗೆ ಮಾತ್ರ ಹೇಳಲಿಲ್ಲ. “ಸ್ವಲ್ಪ ಕೂತ್ಕೋ” ಎಂದರು. ಅವನು ಕೂರಲಿಲ್ಲ. ಮತ್ತೆ ಇಳಿದು ಹೋದ. ಇವರು ಅಂಗಿ ಬಿಚ್ಚಿಟ್ಟು ತಾವೂ ಇಳಿದು ಒಂದು ಹಾರೆ ಹಿಡಿದರು. ಓವರ್‌ಸಿಯರ್ ಹಾರೆ ಹಿಡಿಯುವುದನ್ನು ನೋಡಿ ಉಳಿದ ಆಳುಗಳಿಗೆ ಮುಜುಗರವಾಯಿತು. ಅವನು ಮಾತ್ರ ತಲೆಯೆತ್ತಲಿಲ್ಲ. ಇಬ್ಬರೂ ಸಂಜೆಯವರೆಗೆ ಒಂದೇ ಬದಿಯಲ್ಲಿ ಹೊಡೆಯುತ್ತಿದ್ದರು.

ಅದೇ ವಾರ ಕೇಳಲೋ ಬೇಡವೋ ಎಂದು ಹಿಂಜರಿಯುತ್ತ ನಾನು ಕೇಳಿದೆ. “ಸ್ಲ್ಯಾಬ್ ಹಾಕಿದ್ರೆ ಆ ಒಂದು ಮಳೆಗಾಲ ನಿಲ್ತಿತ್ತಾ?”

“ನಿಲ್ತಿತ್ತೋ ಏನೋ” ಎಂದರು. ಲಾಟೀನು ಸಣ್ಣ ಮಾಡುತ್ತ, “ನಿಲ್ತಿರ್ಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ನಿದ್ದೆ ಮಾಡ್ತಿದ್ದೆ” ಎಂದರು.

ಗುತ್ತಿಗೆದಾರರು ಹೊಸ ಸಿಮೆಂಟಿನಲ್ಲಿ ಹೊಸ ಕಂಬ ಕಟ್ಟಿಸಿದರು. ಈ ಸಲ ಚೀಲಗಳು ಬಂದ ಕೂಡಲೇ ಅವರೇ ನಮ್ಮ ಬಾಗಿಲಿಗೆ ಬಂದು, “ಮೊದ್ಲು ನಿಮ್ಮ ಪೆಟ್ಟಿಗೇಲಿ ಇಟ್ಟು ನೋಡಿ” ಎಂದರು. ನೋಡಿದೆವು. ಕಾವು ಚೆನ್ನಾಗಿ ಎದ್ದಿತು. ನನಗೆ ಖುಷಿಯೆನಿಸಲಿಲ್ಲ. ಅವರ ಹೆಂಡತಿ ನಡುವಿನ ಬಾಗಿಲು ತೆರೆದರು. ಮೊದಲಿನಂತೆ ಹರಟೆ ಹೊಡೆಯಲು ಮಾತ್ರ ನಮ್ಮಿಬ್ಬರಿಗೂ ಆಗಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಸೇತುವೆ ಮುಗಿಯಿತು. ಜನ ಓಡಾಡತೊಡಗಿದರು. ಅದರ ಮೇಲೆ ಮೊದಲ ಎತ್ತಿನ ಗಾಡಿ ಹೋದ ದಿನ ಇವರು ಜ್ವರವೆಂದು ಮನೆಯಲ್ಲಿ ಮಲಗಿದ್ದರು.

ಆಮೇಲೆ ನಮಗೆ ಬೇರೆ ತಾಲೂಕಿಗೆ ವರ್ಗವಾಯಿತು. ಅಲ್ಲಿಯೂ ಒಂದು ಹಳ್ಳ, ಒಂದು ಸೇತುವೆ. ಇವರು ಚಾರ್ಜು ವಹಿಸಿಕೊಂಡು ಮಾಡಿದ ಮೊದಲ ಕೆಲಸವೆಂದರೆ ಒಣ ದಿಮ್ಮಿಗಳನ್ನು ತರಿಸಿ, ಎರಡೂ ಬದಿಗೆ ಹಗ್ಗ ಬಿಗಿದು ಅಗಲವಾದ ಸಂಕವೊಂದನ್ನು ಕಟ್ಟಿಸಿದ್ದು. ಅಲ್ಲಿಯ ಜನ, “ಸೇತುವೆ ಕಟ್ಟಕ್ಕೆ ಬಂದೋರು ಸಂಕ ಕಟ್ತಾ ಕೂತಿದ್ದಾರಲ್ಲ” ಎಂದು ನಕ್ಕರು. ಇವರು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ನೋಡಿ, ಒಂದು ಕಡೆ ಸಿಪ್ಪೆ ಉಳಿದಿದೆ ಎಂದು ಆಳಿನ ಕೈಯಿಂದ ಕತ್ತಿ ತೆಗೆದುಕೊಂಡು ತಾವೇ ಕೆತ್ತತೊಡಗಿದರು.