ಬಂಡೆಯಿಂದಲೇ ಒಡೆದದ್ದು

ತಾಮ್ರದ ಗಣಿಯಲ್ಲಿ ಬಿಲ್ಯಾನಾ ಎಂದರೆ ಸಣ್ಣ ಹೆಸರಲ್ಲ. ಎಲ್ಲಿ ಕೊರೆದರೆ ಅದಿರು ಸಿಗುತ್ತದೆಂದು ಹೇಳುವವಳು ಅವಳು. ಅವಳು ಹೂಂ ಅನ್ನದೆ ಅಲ್ಲಿ ಒಂದು ಯಂತ್ರವೂ ಅಲುಗುವುದಿಲ್ಲ. ಆದರೆ ಊಟದ ಮೇಜಿನಲ್ಲಿ ಯಾರಾದರೂ ರಕಿಯಾ ಸಾರಾಯಿಯ ಗ್ಲಾಸು ಎತ್ತಿ, "ಇವರು ಪ್ರೊಫೆಸರ್ ಯಾನಾಕೀವರ ಶಿಷ್ಯೆ ಕಣ್ರೀ!" ಎಂದು ಹೊಗಳಿದರೆ ಸಾಕು, ಅವಳ ಮುಖ ಇಷ್ಟೇ ಇಷ್ಟಾಗುತ್ತದೆ. ಗುರುವಿನ ಹೆಸರು ಕೇಳಿ ಬೀಗುವವರನ್ನು ಬೇಕಾದಷ್ಟು ನೋಡಿದ್ದೇವೆ, ಬಾಡುವವಳು ಇವಳೊಬ್ಬಳೇ. ಎಲ್ಲಾ ಬಿನ್ನಾಣ ಎಂದು ಮೂಗು ಮುರಿಯುವವರಿದ್ದಾರೆ. ಬಿನ್ನಾಣವಲ್ಲ ಸ್ವಾಮಿ, ನಾಚಿಕೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಅಂಟಿದ್ದು ಇನ್ನೂ ಹೋಗಿಲ್ಲ.

ಆಗ ಅವಳು ಸೋಫಿಯಾದಲ್ಲಿ ಭೂವಿಜ್ಞಾನದ ಕೊನೆಯ ವರ್ಷದಲ್ಲಿದ್ದಳು. ಪದವಿ ಬೇಕೆಂದರೆ ಪ್ರಬಂಧ ಬರೆಯಬೇಕು. ಅದಕ್ಕೊಂದು ವಿಷಯ ಬೇಕು, ಕೈಹಿಡಿದು ನಡೆಸುವ ಮಾರ್ಗದರ್ಶಕರು ಬೇಕು. ಎಲ್ಲರ ಕಣ್ಣೂ ವಿಭಾಗದ ಮುಖ್ಯಸ್ಥ ಯಾನಾಕೀವರ ಮೇಲೆ. ಅವರ ಕೈಕೆಳಗೆ ಬರೆದವರನ್ನು ಗಣಿ ಕಂಪನಿಗಳು ಮನೆಬಾಗಿಲಿಗೆ ಬಂದು ಕರೆದೊಯ್ಯುತ್ತಿದ್ದವು. ಬಿಲ್ಯಾನಾ ಹೋಗಿ ಎದುರು ನಿಂತಾಗ ಅವರು ತಲೆಯನ್ನೂ ಎತ್ತಲಿಲ್ಲ.

"ಜಾಗ ಇಲ್ಲಮ್ಮ, ಬೇರೆ ಯಾರನ್ನಾದ್ರೂ ನೋಡ್ಕೋ."

ಬೇರೆ ಯಾರು ಎಂದರೆ ದೊಚೇವಾ ಮೇಡಂ. ನೆಲಮಾಳಿಗೆಯ ಸೂಕ್ಷ್ಮದರ್ಶಕಗಳ ಕೋಣೆಯಲ್ಲಿ ಕೂತು ತೆಳ್ಳಗೆ ಕೊಯ್ದ ಕಲ್ಲಿನ ಬಿಲ್ಲೆಗಳನ್ನು ನೋಡುತ್ತಾ ಕೂದಲು ಬೆಳ್ಳಗಾಗಿಸಿಕೊಂಡ ಹೆಂಗಸು. ವಿದ್ಯಾರ್ಥಿಗಳು ಅವರ ಹತ್ತಿರ ಸುಳಿಯದೆ ಎಷ್ಟೋ ಕಾಲವಾಗಿತ್ತು. ಈ ವರ್ಷವೂ ಯಾರೂ ಬಾರದಿದ್ದರೆ ಕೋಣೆಗೆ ಬೀಗ ಹಾಕಿ ಅವರನ್ನು ಮನೆಗೆ ಕಳಿಸುವುದೆಂದು ಮೇಲಿನವರು ಆಗಲೇ ಮಾತಾಡಿಕೊಂಡಿದ್ದರು. ಬಿಲ್ಯಾನಾ ಅಲ್ಲಿಗೆ ಹೋದಳೆಂದು ತಿಳಿದು ಸಹಪಾಠಿ ಪ್ಲಾಮೆನ್ ಕಿಸಕ್ಕೆಂದ.

"ಏನೇ, ಮ್ಯೂಸಿಯಂಗೆ ಟಿಕೆಟ್ ತಗೊಂಡ್ಯಂತೆ?"

ಮೈಯೆಲ್ಲ ಉರಿದುಹೋಯಿತು ಅವಳಿಗೆ. ಯಾನಾಕೀವರೇ ಬಾಯಿ ಬಿಟ್ಟು ನೋಡುವಂಥ ವಿಷಯ ತಂದು ಇವರೆಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡಳು. ತರಲು ಅವಳ ಬಳಿ ಒಂದು ಕಲ್ಲಿತ್ತು.

ಕ್ರಿಸ್ಮಸ್ ರಜೆಗೆ ಸ್ತ್ರಾಂಜಾ ಬೆಟ್ಟದ ಅಜ್ಜಿಯ ಮನೆಗೆ ಹೋಗಿದ್ದಾಗ ಹಿತ್ತಲ ತೊರೆಯಲ್ಲಿ ಸಿಕ್ಕಿದ್ದು ಅದು. ಕಪ್ಪಗೆ, ಭಾರವಾಗಿ, ಗಾಜಿನ ಹೊಳಪಿನದು, ಮೈತುಂಬ ಗುಳ್ಳೆಯ ತೂತು. ನೋಡಿದರೆ ಥೇಟ್ ಲಾವಾ. ಆ ಇಳಿಜಾರಿನಲ್ಲಿ ಲಾವಾ ಇದೆಯೆಂದು ಯಾವ ನಕ್ಷೆಯೂ ಹೇಳುವುದಿಲ್ಲ! ಕಲ್ಲು ತೊರೆಯಲ್ಲಿ ಉರುಳಿಬಂದಿದೆ ಎಂದಮೇಲೆ ಮೇಲೆ ಹತ್ತಿ ಅದರ ತಾಯಿಬಂಡೆಯನ್ನು ಹುಡುಕಬೇಕು; ಮೊದಲ ವರ್ಷದ ಮಕ್ಕಳಿಗೂ ಗೊತ್ತಿರುವ ಪಾಠ. ಆದರೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಒಳಗಿನಿಂದ ಅಜ್ಜಿ, "ಬಾರೇ, ಸಾರ್ಮಿ ಆರಿಹೋಗುತ್ತೆ" ಎಂದು ಕೂಗುತ್ತಿದ್ದಳು. ಬಿಲ್ಯಾನಾ ಕಲ್ಲನ್ನು ಕೋಟಿನ ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ಎಲೆಕೋಸಿನ ಸುರುಳಿಗಳನ್ನು ಹೊಟ್ಟೆತುಂಬ ತಿಂದಳು.

ದೊಚೇವಾ ಮೇಡಂ ಆ ಕಲ್ಲನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಲಾವಾ ಥರ ಇದೆ. ಕುಲುಮೆಯ ಕಿಟ್ಟದ ಥರಾನೂ ಇದೆ. ಆ ಕಡೆ ಹಳೇ ಕಾಲದಲ್ಲಿ ತಾಮ್ರ ಕರಗಿಸಿ, ಉಳಿದ ಕಿಟ್ಟಾನ ಎಲ್ಲೆಂದರಲ್ಲಿ ಎಸೀತಿದ್ರು. ನಮ್ಮ ಕೊಯ್ಯೋ ಯಂತ್ರ ಬೇರೆ ಕೆಟ್ಟು ಕೂತಿದೆ, ತೆಳ್ಳಗೆ ಬಿಲ್ಲೆ ಮಾಡಿ ನೋಡೋ ಹಾಗೂ ಇಲ್ಲ. ಎಲ್ಲಿ ಸಿಕ್ತಮ್ಮ? ಬಿದ್ದಿತ್ತಾ, ಬಂಡೆಯಿಂದಲೇ ಒಡೆದ್ಯಾ?"

"ಬಂಡೆಯಿಂದಲೇ ಒಡೆದದ್ದು, ಮೇಡಂ."

ಎಷ್ಟು ಸಲೀಸಾಗಿ ಬಂತು ನೋಡಿ ಸುಳ್ಳು! ಎಂಜಲು ನುಂಗುವಷ್ಟು ಹೊತ್ತೂ ಬೇಕಾಗಲಿಲ್ಲ.

"ಹಾಗಾದ್ರೆ ಕಿಟ್ಟ ಆಗೋಕೆ ಸಾಧ್ಯವೇ ಇಲ್ಲ" ಎಂದರು ಮೇಡಂ. ಅವರ ಮುಖ ಅರಳಿತು. "ಹೊಸ ಲಾವಾ ಕಣೇ ಹುಡುಗಿ! ನನ್ನ ಕೊನೇ ವರ್ಷಕ್ಕೆ ಎಂಥಾ ವಿಷಯ ತಂದ್ಯೇ ನೀನು!" ಎನ್ನುತ್ತಾ ಅರ್ಜಿಯಲ್ಲಿ ತಮ್ಮ ಕೈಯಿಂದಲೇ ಬರೆದರು: ಬಂಡೆಯಿಂದ ಒಡೆದ ಮಾದರಿ. ಇನ್ನೊಂದು ಸಲ ಕೇಳಲಿಲ್ಲ. ಈ ಕಸುಬಿನಲ್ಲಿ ಕೇಳುವುದಿಲ್ಲ. ಕಲ್ಲನ್ನು ಯಾರು ಬೇಕಾದರೂ ಮತ್ತೆ ಕೊಯ್ದು ನೋಡಬಹುದು, ಆದರೆ ಎಲ್ಲಿಂದ ತಂದದ್ದು ಎನ್ನುವುದಕ್ಕೆ ತಂದವನ ಮಾತೇ ಸಾಕ್ಷಿ. ಕಲ್ಲು ಗುರುತಿಸಲು ತಪ್ಪಿದವನನ್ನು ನಕ್ಕು ಕ್ಷಮಿಸುತ್ತಾರೆ. ಜಾಗದ ಸುಳ್ಳು ಹೇಳಿದವನ ಯಾವ ಮಾತನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ವಿಷಯಗಳನ್ನು ಒಪ್ಪುವ ಸಭೆ ಮಾರ್ಚ್ ಮೊದಲ ವಾರ ಸೇರಿತು. ಎಲ್ಲರ ಮಣಿಕಟ್ಟಿನಲ್ಲೂ ವಸಂತ ಬಂತೆಂದು ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರ. ದೊಚೇವಾ ಮೇಡಂ ಹೊಸ ಸ್ಕಾರ್ಫ್ ಸುತ್ತಿಕೊಂಡು ಬಂದಿದ್ದರು. ಎದ್ದು ನಿಂತು, ತಮ್ಮ ಮಗಳ ಮದುವೆಯ ಸುದ್ದಿ ಹೇಳುವವರ ಹಾಗೆ ವಿಷಯವನ್ನು ಹೇಳಿದರು. ಕಲ್ಲು ಮೇಜಿನ ಸುತ್ತ ಕೈಯಿಂದ ಕೈಗೆ ಹೋಗಿ ಯಾನಾಕೀವರ ಹತ್ತಿರ ಬಂತು. ಅವರು ಕಣ್ಣಿಗೆ ಭೂತಗನ್ನಡಿ ಹಿಡಿದರು. ಕೋಟಿನಿಂದ ಪಿನ್ನು ತೆಗೆದು ಒಂದು ತೂತನ್ನು ಕೆದಕಿದರು. ಬಿಳಿ ಹಾಳೆಯ ಮೇಲೆ ಕರಿಯ ಚೂರೊಂದು ಬಿತ್ತು.

"ಇದ್ದಿಲು" ಎಂದರು. "ಲಾವಾದೊಳಗೆ ಇದ್ದಿಲು ಹೇಗೆ ಬಂತಮ್ಮ? ಜ್ವಾಲಾಮುಖಿಯಲ್ಲಿ ಯಾರಾದ್ರೂ ಕಬಾಬ್ ಸುಡ್ತಿದ್ರಾ?"

ಮೇಜಿಗೆ ಮೇಜೇ ಗೊಳ್ಳೆಂದಿತು. ಬಾಗಿಲ ಬಳಿ ನಿಂತಿದ್ದ ಪ್ಲಾಮೆನ್ ಅಂತೂ ಹೊಟ್ಟೆ ಹಿಡಿದುಕೊಂಡ. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಬಿಲ್ಯಾನಾಳಿಗೆ. ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ಯಾನಾಕೀವರು ಅರ್ಜಿಯನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದರು.

"ಬಂಡೆಯಿಂದ ಒಡೆದ ಮಾದರಿ. ಕಿಟ್ಟ ಬಂಡೆಯಲ್ಲಿ ಬೆಳೆಯುತ್ತಾ? ಯಾರು ಹೇಳಿದ್ದು ಇದನ್ನ?"

ನಗೆ ತಟ್ಟನೆ ನಿಂತಿತು. ಇದು ತಮಾಷೆಯ ಪ್ರಶ್ನೆಯಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ದೊಚೇವಾ ಮೇಡಂ ಮೆಲ್ಲಗೆ ತಿರುಗಿ ಬಿಲ್ಯಾನಾಳನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ ಆ ನೋಟದಲ್ಲಿ, ಕಾಯುತ್ತಿದ್ದರು ಅಷ್ಟೆ. ಬಿಲ್ಯಾನಾ ತನ್ನ ಬೂಟುಗಳನ್ನು ನೋಡುತ್ತಾ ನಿಂತಳು.

"ನಾನು" ಎಂದರು ಮೇಡಂ. "ಅಕ್ಷರ ನಂದೇ ಅಲ್ವಾ? ಬಂಡೆಯದೇ ಇರ್ಬೇಕು ಅಂತ ಅಂದ್ಕೊಂಡುಬಿಟ್ಟೆ. ಹುಡುಗಿಯನ್ನ ಕೇಳಲೇ ಇಲ್ಲ."

ಹುಡುಗಿ ಬೂಟಿನ ಲೇಸು ಬಿಗಿದುಕೊಳ್ಳಲು ಬಗ್ಗಿದಳು.

"ಕೇಳಲೇ ಇಲ್ವಾ ಮೇಡಂ? ಇಷ್ಟು ವರ್ಷ ಪಾಠ ಹೇಳಿದವರು ನೀವು!" ಯಾನಾಕೀವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮಗೂ ವಿಶ್ರಾಂತಿ ಬೇಕು ಅನ್ಸುತ್ತೆ. ಈ ವರ್ಷ ವಿದ್ಯಾರ್ಥಿಗಳು ಬೇಡ. ಪಾಪ, ಈ ಮಗುವಿಂದೇನು ತಪ್ಪು? ನಾನೇ ಒಂದು ಜಾಗ ಮಾಡಿ ತಗೋತೀನಿ. ತಾಮ್ರದ ಮೇಲೆ ಒಂದು ಒಳ್ಳೇ ವಿಷಯ ಇದೆ."

ನೋಡಿ, ಸುಳ್ಳು ಹೇಳಿದವಳ ಮಡಿಲಿಗೆ ಇಡೀ ತರಗತಿ ಬಾಯಿ ಬಾಯಿ ಬಿಡುತ್ತಿದ್ದ ಹಣ್ಣೇ ಬಂದು ಬಿತ್ತು.

ಆಮೇಲಿನ ದಿನಗಳಲ್ಲಿ ಅವಳಿಗೆ ಅನ್ನ ರುಚಿಸಲಿಲ್ಲ. ಮೇಡಂ ಹತ್ತಿರ ಹೋಗಬೇಕೆಂದು ನೆಲಮಾಳಿಗೆಯ ಮೆಟ್ಟಿಲವರೆಗೆ ಹೋಗುವಳು, ಕೆಳಗಿನ ದೀಪ ಕಂಡದ್ದೇ ಕಳ್ಳಿಯ ಹಾಗೆ ಹಿಂದಿರುಗುವಳು. ಪ್ಲಾಮೆನ್ ಒಂದು ದಿನ, "ಮುದುಕಿ ತಾನು ಮುಳುಗಿದ್ರೂ ನಿನ್ನ ದಡ ಸೇರಿಸಿದ್ಲು ಬಿಡು" ಎಂದು ನಕ್ಕ. ಅವಳೂ ಅವನ ಜೊತೆ ನಕ್ಕಳು. ನಕ್ಕಮೇಲೆ ತನ್ನ ಬಗ್ಗೆ ತನಗೇ ಎಂಥ ಹೇಸಿಗೆ ಬಂತೆಂದರೆ, ಹಾಗೇ ಎದ್ದು ಯಾನಾಕೀವರ ಕೋಣೆಗೆ ನಡೆದಳು.

"ಸರ್, ಮೇಡಂ ನನ್ನನ್ನ ಕೇಳಿದ್ರು. ಬಂಡೆಯಿಂದ ಒಡೆದದ್ದು ಅಂತ ಸುಳ್ಳು ಹೇಳಿದವಳು ನಾನು."

ಅವರು ಕಾಫಿ ಕಲಕುವುದನ್ನು ನಿಲ್ಲಿಸಲಿಲ್ಲ. "ಗೊತ್ತು."

"ಗೊತ್ತಾ?"

"ಆ ಹೆಂಗಸು ಕೇಳದೆ ಬಿಡ್ತಾರಾ? ನಾನೂ ಅವರ ಹತ್ತಿರಾನೇ ಓದಿದವನು. ಎಲ್ಲಿಂದ ತಂದೆ ಅಂತ ಕೇಳದೆ ಒಂದು ಕಲ್ಲನ್ನೂ ಮುಟ್ಟಿದವರಲ್ಲ." ತಮ್ಮ ಕೈಕೆಳಗೆ ಪ್ರಬಂಧ ಬರೆಯುವ ಒಪ್ಪಿಗೆಯ ಹಾಳೆಯನ್ನು ಅವರು ಅವಳ ಮುಂದೆ ಸರಿಸಿದರು. "ಈಗ ನೀನು ಹೇಳಿದ್ದನ್ನ ನಾನು ಸಭೆಗೆ ಹೇಳ್ತೀನಿ. ಅವರ ಕೋಣೆ ಅವರಿಗೆ ಉಳಿಯುತ್ತೆ. ನಿನ್ನನ್ನ ಮಾತ್ರ ಯಾವ ಗಣಿಯವರೂ ಹತ್ತಿರ ಸೇರಿಸಲ್ಲ. ಬೇಡ ಅಂದ್ರೆ ಇದಕ್ಕೆ ಸಹಿ ಹಾಕು, ಈ ಮಾತು ಇಲ್ಲಿಗೇ ಮುಗೀತು. ಯಾವುದಾಗ್ಬೇಕು ಹೇಳು."

ಕಿಟಕಿಯಾಚೆ ಟ್ರಾಮು ಗಂಟೆ ಬಾರಿಸುತ್ತಾ ಹೋಯಿತು. ಬಿಲ್ಯಾನಾ ಅಪ್ಪನನ್ನು ನೆನೆದಳು, ಅಮ್ಮನನ್ನು ನೆನೆದಳು, ಊರಿನಲ್ಲಿ ತನ್ನ ಮೇಲೆ ಆಸೆ ಇಟ್ಟುಕೊಂಡವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದಳು. ನೆಪಗಳಿಗೇನು, ಕರೆದರೆ ಸಾಲುಗಟ್ಟಿ ಬರುತ್ತವೆ.

"ಎಲ್ಲಿ ಹಾಕ್ಬೇಕು ಸರ್, ಸಹಿ?"

ಅವರು ಬೆರಳಿಟ್ಟು ತೋರಿಸಿದರು.

ಹೊರಗೆ ಬಂದರೆ, ನೆಲಮಾಳಿಗೆಯ ಕೋಣೆ ಖಾಲಿ ಮಾಡಿ ಪುಸ್ತಕದ ಪೆಟ್ಟಿಗೆ ಹೊತ್ತುಕೊಂಡು ದೊಚೇವಾ ಮೇಡಂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವಳನ್ನು ಕಂಡು ಪೆಟ್ಟಿಗೆಯನ್ನು ಕೆಳಗಿಟ್ಟರು.

"ಸಹಿ ಆಯ್ತೇನೇ?"

"ಆಯ್ತು ಮೇಡಂ."

"ಸದ್ಯ! ಎಲ್ಲಿ ಹುಚ್ಚು ಹಿಡಿದು ಹೋಗಿ ನಿಜ ಹೇಳಿಬಿಡ್ತೀಯೋ ಅಂತ ನಾನು ಹೆದರಿ ಸಾಯ್ತಿದ್ದೆ. ನಿಂಗೆ ಅಷ್ಟು ಧೈರ್ಯ ಇದೆ, ನಂಗೆ ಗೊತ್ತು" ಎಂದು ಮೇಡಂ ಎರಡೂ ಅಂಗೈಗಳಲ್ಲಿ ಅವಳ ಕೆನ್ನೆ ಹಿಡಿದು, ಹಣೆಗೆ ಮುತ್ತಿಟ್ಟರು.