ರಾಜನ ಹಾಡು ಕೇಳಿದ ದ್ವಾರಪಾಲಕ

ನಂಜನಗೂಡಿನ ಬೆಲ್ಲದ ವ್ಯಾಪಾರಿ ಗುರುಬಸಪ್ಪನಿಗೆ ಒಂದು ಸಾಲು ನೆಟ್ಟಗೆ ಹಾಡಲು ಬರುತ್ತಿರಲಿಲ್ಲ. ಕೇಳಲು ಬರುತ್ತಿತ್ತು. ಯಾರಾದರೂ ಶ್ರುತಿ ಹಿಡಿದರೆ ಸಾಕು, ಅವನ ತಲೆ ಒಂದು ಕಡೆಗೆ ವಾಲುತ್ತಿತ್ತು, ಎಲೆಯಡಿಕೆ ಜಗಿಯುವ ದವಡೆ ನಿಲ್ಲುತ್ತಿತ್ತು, ಕಣ್ಣು ಒದ್ದೆಯಾಗುತ್ತಿತ್ತು. ಮೈಸೂರಿನಿಂದ ಬಂದ ವಿದ್ವಾಂಸರು ಅಮಲ್ದಾರರನ್ನೂ ಬಿಟ್ಟು ಇವನ ಕಡೆ ತಿರುಗಿ ಹಾಡುತ್ತಿದ್ದರು. ಸಂಜೆಯಾದರೆ ಅವನ ಅಂಗಡಿ ಜಗಲಿ ತುಂಬ ಜನ. ಆರು ವರ್ಷ ಗುರುಗಳ ಬಟ್ಟೆ ಒಗೆದು ಸಂಗೀತ ಕಲಿತವನು ನಾನು. ನನ್ನ ಮನೆಗೆ ಬರುತ್ತಿದ್ದವರು ಮಜ್ಜಿಗೆ ಕೇಳುವ ಪಕ್ಕದ ಮನೆಯವರು. ಹೊಟ್ಟೆ ಉರಿಯದೆ ಇನ್ನೇನಾದೀತು?

ಗೆಳೆಯರೆಲ್ಲ ಕೂಡಿ ನಾಟಕ ಕಟ್ಟಿದಾಗ ರಾಜನ ಪಾತ್ರವನ್ನು ನನಗೆ ಕೊಡಿಸಿದವನು ಅವನೇ. ತಾನು ದ್ವಾರಪಾಲಕನಾಗಿ ಈಟಿ ಹಿಡಿದು ನಿಂತ. ಬಾಯಲ್ಲಿ ಒಂದು ಮಾತೂ ಇಲ್ಲ. ರಾಜ್ಯ ಕಳೆದುಕೊಂಡು ನಾನು ಹಾಡಿದಾಗ ಜನ ಸೆರಗು, ವಲ್ಲಿ ಹಿಡಿದು ಕಣ್ಣೊರೆಸಿಕೊಂಡರು. ಆದರೆ ಒಬ್ಬರ ನೋಟವೂ ನನ್ನ ಮೇಲಿರಲಿಲ್ಲ. ತಿರುಗಿ ನೋಡಿದರೆ ಈ ಮಹರಾಯ ಈಟಿಗೆ ಒರಗಿ, ಬರೆದ ಮೀಸೆ ಕರಗಿ ಗಲ್ಲಕ್ಕಿಳಿಯುವ ಹಾಗೆ ಅಳುತ್ತಿದ್ದ. ಮಾರನೆಯ ದಿನ ನನ್ನ ಹೆಂಡತಿಯೂ ಬಾಗಿಲು ಕಾಯುವವರು ಪಾಪ ಎಷ್ಟು ಅತ್ತರು ಎಂದಳು.

ಆಮೇಲೆ ತಿರುಮಕೂಡಲು ನರಸೀಪುರದವರು ಅದೇ ನಾಟಕಕ್ಕೆ ಕರೆದರು. ಅವನು ರಂಗದ ಮೇಲಿದ್ದರೆ ನಾನು ಕಿರೀಟ ಇಡುವುದಿಲ್ಲ ಎಂದುಬಿಟ್ಟೆ. ಉಳಿದವರು ಮುಖ ಗಂಟಿಕ್ಕಿದರು. ಅವನು ನಕ್ಕ. "ಬುಡ್ರಪ್ಪಾ, ಒಂದಿನ ಕಾವ್ಲಿಲ್ದಿದ್ರೆ ಅರಮನೆ ಏನ್ ಓಡೋಗಕಿಲ್ಲ. ನಾನು ಕೆಳ್ಗೆ ಕೂತ್ಕಂಡು ಕೇಳ್ತೀನಿ."

ಅಂದು ರಂಗವೆಲ್ಲ ನನ್ನದೇ. ಅದೇ ರಾಗ, ಅದೇ ಹಾಡು. ಮುಂದಿನ ಸಾಲಿನವರು ಕಡಲೆಕಾಯಿ ಸುಲಿಯುತ್ತಾ ಗದ್ದೆಯ ನೀರಿನ ಮಾತಾಡುತ್ತಿದ್ದರು. ಚರಣ ಮುಗಿಯುವುದರೊಳಗೆ ಯಾರೋ "ಸಾಕು, ಯುದ್ಧ ಬರ್ಲಿ" ಎಂದರು. ಹಿಂದೆ ಕತ್ತಲಲ್ಲಿ ಗುರುಬಸಪ್ಪ ತಲೆ ವಾಲಿಸಿ ಕೂತಿದ್ದನಂತೆ. ಅಲ್ಲಿ ಅವನನ್ನು ನೋಡುವವರು ಯಾರು?

ವಾಪಸು ಬರುವಾಗ ಗಾಡಿಯಲ್ಲಿ ನರಸೀಪುರದವರಿಗೆಲ್ಲ ಬಾಯಿಗೆ ಬಂದಂತೆ ಬೈದೆ. ಚೆನ್ನಾಗಿತ್ತು ಕಣೋ ಎಂದನೇ ಹೊರತು, ನೋಡಿದೆಯಾ ಎಂದು ಅವನು ಹಂಗಿಸಲಿಲ್ಲ. ಹಂಗಿಸಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಮುಂದಿನ ನಾಟಕಕ್ಕೆ ಈಟಿಯನ್ನು ನಾನೇ ಒಯ್ದು ಅವನ ಕೈಗೆ ಕೊಟ್ಟೆ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ.

ಅವನು ಎದೆಯ ಬೇನೆಯಿಂದ ಮಲಗಿದ್ದಾಗ ನೋಡಲು ಹೋದೆ. ಅಲ್ಲಿಯೂ ಕಾಲಿಡಲು ಜಾಗವಿಲ್ಲದಷ್ಟು ಜನ. ಬಾಗಿಲ ಬಳಿಯೇ ನಿಂತಿದ್ದ ನನ್ನನ್ನು ಕಂಡು ಅವನು ಮೆಲ್ಲಗೆ ಹೇಳಿದ: "ಎಲ್ರೂ ವಸಿ ಆಚ್ಗೋಗ್ರಪ್ಪ. ಇವ್ನೊಬ್ನೇ ಇರ್ಲಿ." ಬಾಗಿಲು ಹಾಕಿಸಿ, "ಈಗ ನಂಗೊಬ್ನಿಗೇ ಆಡು" ಎಂದ. ರಾಜನ ಹಾಡನ್ನು ಆಚೆಗೆ ಕೇಳದ ಹಾಗೆ ಮೆಲುದನಿಯಲ್ಲಿ ಹಾಡಿದೆ. ಮುಗಿದ ಮೇಲೆ ಇನ್ನೊಂದು ಸಲ ಎಂದು ಬೆರಳೆತ್ತಿದ. ಮತ್ತೆ ಹಾಡಿದೆ.

ನಾಲ್ಕನೆಯ ದಿನ ಹೋದ. ಕಾರ್ಯದ ಊಟಕ್ಕೆ ಸೇರಿದವರೆಲ್ಲ ಗುರುಬಸಪ್ಪನಿಗೆ ತಮ್ಮ ಮೇಲೇ ಹೆಚ್ಚು ಪ್ರೀತಿ ಎಂದು ಒಬ್ಬರಾದ ಮೇಲೊಬ್ಬರು ಹೇಳಿ ಅತ್ತರು. ನನ್ನನ್ನೂ ಕೇಳಿದರು, ಅಂದು ಒಳಗೆ ಏನು ಮಾಡಿದಿರಿ ಎಂದು. ಸುಮ್ಮನೆ ಕೂತಿದ್ದೆವು ಎಂದೆ. ಅದರಲ್ಲೂ ಇವರಿಗೆ ಪಾಲು ಕೊಡಲು ನನಗೆ ಮನಸ್ಸಾಗಲಿಲ್ಲ.